ಅಪ್ಪ ಅಮ್ಮ ಬಿಟ್ಟುಹೋದ ಮನೆ: ಮಾರುವುದೋ, ಉಳಿಸಿಕೊಳ್ಳುವುದೋ, ಹಂಚಿಕೊಳ್ಳುವುದೋ?

"ಊರಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ನಾವು ಮೂವರು ಮಕ್ಕಳು, ಯಾರೂ ಅಲ್ಲಿಲ್ಲ. ಏನು ಮಾಡೋಣ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಬೆಲೆಯಿಂದ ಶುರು ಮಾಡಿರುತ್ತಾರೆ. ಬ್ರೋಕರ್ ಒಂದು ಮೊತ್ತ ಹೇಳಿರುತ್ತಾನೆ, ಮುಂಗಡದ ಮಾತೂ ಆಗಿರುತ್ತದೆ. ಆಮೇಲೆ ನೋಡಿದರೆ ಖಾತೆ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ, ಇಲ್ಲವೇ ಮುಂಬೈಯಲ್ಲಿರುವ ಸೋದರತ್ತೆಯ ಸಹಿಯೂ ಬೇಕೆಂದು ಗೊತ್ತಾಗುತ್ತದೆ.

ಮನೆ ಯಾರದು, ಕಾಗದ ಯಾರ ಹೆಸರಲ್ಲಿದೆ, ಗೋಡೆ ಮತ್ತು ಮಾಡು ಯಾವ ಸ್ಥಿತಿಯಲ್ಲಿವೆ, ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಖರ್ಚು. ಈ ನಾಲ್ಕು ಪ್ರಶ್ನೆಗೆ ಇದೇ ಕ್ರಮದಲ್ಲಿ ಉತ್ತರ ಸಿಕ್ಕಿದ ಮೇಲೆ 'ಏನು ಮಾಡೋಣ' ಎಂಬುದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ. 'ಸದ್ಯಕ್ಕೆ ಹಾಗೇ ಇರಲಿ' ಎನ್ನುವುದೂ ಒಂದು ತೀರ್ಮಾನವೇ, ಅದೂ ಬಹಳ ದುಬಾರಿಯದು. ಒಂದು ತಲೆಮಾರು ಸುಮ್ಮನಿದ್ದರೆ ಮೂರು ಸಹಿಯ ಜಾಗದಲ್ಲಿ ಹದಿನಾಲ್ಕು ಸಹಿ ಬೇಕಾಗುತ್ತದೆ.

ಇಲ್ಲಿ ಹೇಳಿರುವುದು ಕರ್ನಾಟಕದ ಆಸ್ತಿಗೆ ಸಂಬಂಧಿಸಿದ್ದು. ಪಾಲಿನ ಲೆಕ್ಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯದು. ಅದು ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುತ್ತದೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಪಾಲು ಬೇರೆಯಾದರೂ ಉಳಿದ ಹಂತಗಳು ಬಹುಮಟ್ಟಿಗೆ ಒಂದೇ.

1. ಮೊದಲ ತಿಂಗಳು: ತೀರ್ಮಾನ ಬೇಡ, ಕಾವಲು ಬೇಕು

ವೈಕುಂಠ ಸಮಾರಾಧನೆಯ ದಿನ ಎಲ್ಲರೂ ಸೇರಿರುತ್ತಾರೆ. 'ಮತ್ತೆ ಯಾವಾಗ ಸೇರುತ್ತೇವೋ, ಇವತ್ತೇ ಒಂದು ಸಹಿ ಹಾಕಿಬಿಡಿ' ಎಂದು ಯಾರಾದರೂ ಕಾಗದ ಮುಂದಿಟ್ಟರೆ ಹಾಕಬೇಡಿ. ಹೆಣ್ಣುಮಕ್ಕಳ ಹಕ್ಕು ಬಿಡುಗಡೆಯ ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಆ ದಿನದ ಸಹಿಯಿಂದಲೇ.

ಆ ತಿಂಗಳಲ್ಲಿ ಮಾಡಬೇಕಾದ್ದು ಇಷ್ಟು:

ಮರಣ ನೋಂದಣಿಗೆ 21 ದಿನಗಳ ಗಡುವಿದೆ. ಅದು ದಾಟಿದರೂ ನೋಂದಣಿ ಆಗುತ್ತದೆ, ಆದರೆ ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೆಸರನ್ನು ಕ್ರಯಪತ್ರದ ಜೊತೆ ಹೋಲಿಸಿ ನೋಡಿ. ಪತ್ರದಲ್ಲಿ ತಂದೆಯ ಹೆಸರು ಸೇರಿಸಿ ಬರೆದಿದ್ದು, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ, ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮಾಡಿಸಬೇಕಾಗುತ್ತದೆ. ಈಗಲೇ ಗೊತ್ತಾದರೆ ಸಣ್ಣ ಕೆಲಸ. ರಿಜಿಸ್ಟರ್ ಆಗುವ ದಿನ ಗೊತ್ತಾದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ.

ಬೀರು, ಟ್ರಂಕು, ದೇವರ ಕೋಣೆಯ ಗೂಡು, ಅಕ್ಕಿ ಡಬ್ಬದ ಹಿಂದೆ, ಎಲ್ಲ ಕಡೆ ಹುಡುಕಿ ಕಾಗದಗಳನ್ನು ಒಂದೆಡೆ ತನ್ನಿ. ಪ್ರತಿ ಪುಟದ ಫೋಟೊ ತೆಗೆದು, ಮುದ್ರೆ ಇರುವ ಹಿಂಬದಿಯನ್ನೂ ಬಿಡದೆ, ಅದೇ ದಿನ ಎಲ್ಲ ವಾರಸುದಾರರಿಗೂ ಕಳಿಸಿ. ಮೂಲಪತ್ರ ಒಬ್ಬರ ಬಳಿ ಇರಲಿ, ಯಾವ ಯಾವ ಪತ್ರ ತೆಗೆದುಕೊಂಡರೆಂದು ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಇದು ಅನುಮಾನವಲ್ಲ, ಅನುಮಾನ ಬಾರದಿರಲಿ ಎಂದು.

ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿಗೆ ತಿಳಿಸಿ, ಸಾಲಕ್ಕೆ ವಿಮೆ ಇತ್ತೇ ಎಂದು ಕೇಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂತಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಇದೆ.

ಮನೆ ಖಾಲಿ ಬಿಡುವುದಾದರೆ ಗ್ಯಾಸ್ ರೆಗ್ಯುಲೇಟರ್ ಕಳಚಿ, ಮೇಲಿನ ಟ್ಯಾಂಕು ಬರಿದು ಮಾಡಿ, ಕರೆಂಟ್ ಸಂಪರ್ಕ ಕಿತ್ತುಹಾಕಿಸಬೇಡಿ. ಮೇನ್ ಸ್ವಿಚ್ ಆರಿಸಿದರೆ ಸಾಕು. ಪಕ್ಕದ ಮನೆಯವರಲ್ಲಿ ಒಂದು ಬೀಗದ ಕೈ ಕೊಟ್ಟು, ತಿಂಗಳಿಗೊಮ್ಮೆ ಬಾಗಿಲು ಕಿಟಕಿ ತೆರೆಯಲು ಹೇಳಿ.

2. ಮನೆ ನಿಜಕ್ಕೂ ಯಾರದು?

ಉಯಿಲು, ಅಂದರೆ ವಿಲ್, ಇದೆಯೇ ಎಂಬುದು ಮೊದಲ ಪ್ರಶ್ನೆ. ಉಯಿಲು ನೋಂದಣಿ ಆಗಿರಲೇಬೇಕೆಂದಿಲ್ಲ, ಬಿಳಿ ಹಾಳೆಯಲ್ಲಿ ಬರೆದದ್ದೂ ನಡೆಯುತ್ತದೆ. ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಆ ಇಬ್ಬರು ಯಾರು, ಎಲ್ಲಿದ್ದಾರೆ ಎಂದು ಈಗಲೇ ಬರೆದಿಡಿ. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ.

ಉಯಿಲಿಲ್ಲದಿದ್ದರೆ ಎರಡನೇ ಪ್ರಶ್ನೆ: ಆಸ್ತಿ ಸ್ವಯಾರ್ಜಿತವೋ, ಪಿತ್ರಾರ್ಜಿತವೋ? ಜನ ಎಡವುವುದು ಇಲ್ಲೇ. 'ಅಜ್ಜನಿಂದ ಬಂದದ್ದು, ಹಾಗಾಗಿ ಪಿತ್ರಾರ್ಜಿತ' ಎಂಬ ಮಾತು ಯಾವಾಗಲೂ ನಿಜವಲ್ಲ. ಅಜ್ಜ ಸ್ವಂತ ದುಡ್ಡಿನಲ್ಲಿ ಕೊಂಡ ಮನೆ, ಅವರು 1956ರ ನಂತರ ಉಯಿಲಿಲ್ಲದೆ ತೀರಿಕೊಂಡು ನಿಮ್ಮ ತಂದೆಗೆ ಬಂದಿದ್ದರೆ, ಅದು ತಂದೆಯ ಪ್ರತ್ಯೇಕ ಆಸ್ತಿ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅಂಥ ಮನೆಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ, ತಂದೆಯ ನಂತರವಷ್ಟೇ ಪಾಲು.

ನಿಜವಾದ ಒಟ್ಟುಕುಟುಂಬದ ಆಸ್ತಿಯಾದರೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿದ್ದಿರಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಅದನ್ನು ಕೆದಕುವಂತಿಲ್ಲ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಕೊಟ್ಟಿದ್ದೇವೆ ಎಂಬುದು ಪಾಲು ತಪ್ಪಿಸುವ ಕಾರಣವಲ್ಲ.

ಈಗ ಒಂದು ಲೆಕ್ಕ ಹಿಡಿದು ನೋಡೋಣ. ತಂದೆಯ ಸ್ವಯಾರ್ಜಿತ ಮನೆ, ಉಯಿಲಿಲ್ಲ. ಅವರು ತೀರಿಕೊಂಡಾಗ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಮತ್ತು ಅವರ ತಾಯಿ ಇದ್ದರು. ಪಾಲು ನಾಲ್ಕಲ್ಲ, ಐದು. ತಾಯಿಯೂ ಮೊದಲ ವರ್ಗದ ವಾರಸುದಾರಳೇ. ಎರಡು ವರ್ಷದ ನಂತರ ಆ ಅಜ್ಜಿಯೂ ಉಯಿಲು ಬರೆಯದೆ ತೀರಿಕೊಂಡರು ಎನ್ನಿ. ಅವರ ಐದನೇ ಒಂದು ಪಾಲು ಅವರ ಮಕ್ಕಳಿಗೆ ಹೋಗುತ್ತದೆ. ನಿಮ್ಮ ತಂದೆಯಲ್ಲದೆ ಅಜ್ಜಿಗೆ ಒಬ್ಬ ಮಗ, ಒಬ್ಬ ಮಗಳು ಇದ್ದರೆ, ಚಿಕ್ಕಪ್ಪನಿಗೂ ಅತ್ತೆಗೂ ನಿಮ್ಮ ಮನೆಯಲ್ಲಿ ಹದಿನೈದನೇ ಒಂದೊಂದು ಪಾಲು. ಉಳಿದ ಹದಿನೈದನೇ ಒಂದು, ತೀರಿಹೋದ ಮಗನ ಮಕ್ಕಳಾದ ನಿಮ್ಮ ಮೂವರಿಗೆ. 'ನಮ್ಮಪ್ಪನ ಮನೆಗೆ ಚಿಕ್ಕಪ್ಪನ ಸಹಿ ಯಾಕೆ?' ಎಂದು ಕೇಳುವವರಿಗೆ ಉತ್ತರ ಹೆಚ್ಚಾಗಿ ಇದೇ. ಅಜ್ಜಿ ಇನ್ನೂ ಇದ್ದಾರಾದರೆ, ಅವರಿಗೆ ಇಷ್ಟವಿದ್ದರೆ, ಅವರ ಪಾಲಿನ ವಿಚಾರ ಈಗಲೇ ಪತ್ರದಲ್ಲಿ ಇತ್ಯರ್ಥವಾಗಲಿ.

ಮನೆ ತಾಯಿಯ ಹೆಸರಲ್ಲಿದ್ದರೆ ನಿಯಮ ಬೇರೆ. ಗಂಡ ಮತ್ತು ಮಕ್ಕಳಿಗೆ ಸಮಪಾಲು. ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ, ತವರಿನಿಂದ ಬಂದ ಆಸ್ತಿ ಅವರ ತಂದೆಯ ವಾರಸುದಾರರಿಗೆ, ಗಂಡನಿಂದ ಬಂದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ.

ಇನ್ನೆರಡು ಎಚ್ಚರಿಕೆ. ಬ್ಯಾಂಕಿನಲ್ಲೋ ಗೃಹನಿರ್ಮಾಣ ಸಂಘದಲ್ಲೋ ನಾಮಿನಿ ಆಗಿದ್ದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ, ನಾಮಿನಿ ಎಲ್ಲ ವಾರಸುದಾರರ ಪರವಾಗಿ ಪಡೆಯುವವರು ಅಷ್ಟೇ. ವಾರಸುದಾರರಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದರೆ ಅವರ ಪಾಲನ್ನು ಮಾರಲು ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ತಾಯಿಯ ಸಹಿ ಸಾಲದು.

3. ಕಾಗದ ಸರಿಮಾಡಿಕೊಳ್ಳುವುದು

ಬೇಕಾಗುವವು: ಮೂಲ ಕ್ರಯಪತ್ರ ಅಥವಾ ಪಾಲುಪಟ್ಟಿ, ಅದಕ್ಕೂ ಹಿಂದಿನ ಪತ್ರಗಳು, ಋಣಭಾರ ಪ್ರಮಾಣಪತ್ರ, ಖಾತೆ, ಕಂದಾಯದ ರಶೀದಿ, ಕಟ್ಟಡ ಪರವಾನಗಿ ಇದ್ದರೆ ನಕ್ಷೆ, ವಂಶವೃಕ್ಷ.

ಋಣಭಾರ ಪ್ರಮಾಣಪತ್ರವನ್ನು ಎಲ್ಲರೂ 'ಇಸಿ' ಎನ್ನುತ್ತಾರೆ. ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಅದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್‌ನಿಂದೀಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ಮೂವತ್ತು ವರ್ಷದ್ದು ತೆಗೆಸಿ. ಹದಿಮೂರು ವರ್ಷದ್ದು ಸಾಕು ಎನ್ನುವವರಿದ್ದಾರೆ, ಅವರ ಮಾತು ಕೇಳಬೇಡಿ. ಇಸಿ ಖಾಲಿ ಬಂತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಕೈಬರಹದ ಭೋಗ್ಯದ ಕರಾರು, ಕೈಸಾಲ, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣುವುದಿಲ್ಲ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡಿ ವರದಿ ಕೊಡುತ್ತಾರೆ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು, ತೀರಿಹೋದ ಅಣ್ಣನ ಹೆಂಡತಿ ಮಕ್ಕಳ ಹೆಸರು ಬಿಟ್ಟು ಮಾಡಿಸುವ ಚಾಳಿ ಇನ್ನೂ ಹೋಗಿಲ್ಲ. ಹಾಗೆ ಬಿಟ್ಟರೆ ಅದರ ಮೇಲೆ ನಿಂತ ಪ್ರತಿಯೊಂದು ಪತ್ರವೂ ಅಲುಗಾಡುತ್ತದೆ, ಸುಳ್ಳು ಪ್ರಮಾಣದ ಕ್ರಿಮಿನಲ್ ಕೇಸೂ ಬೀಳಬಹುದು. ಬ್ಯಾಂಕ್ ಠೇವಣಿ, ಷೇರುಗಳಿಗೆ ಕೇಳುವ ಉತ್ತರಾಧಿಕಾರ ಪ್ರಮಾಣಪತ್ರ ಬೇರೆಯದು. ಮನೆಗಾಗಿ ಅದನ್ನು ಮಾಡಿಸಲು ಕೋರ್ಟಿಗೆ ಹೋಗಿ ಆರು ತಿಂಗಳು ಕಳೆಯಬೇಡಿ.

ಇನ್ನು ಖಾತೆ. ಖಾತೆಯೆಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬ ದಾಖಲೆ, ಹಕ್ಕುಪತ್ರವಲ್ಲ. ಹಾಗಂತ ಬಿಟ್ಟರೂ ನಡೆಯದು: 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣ ಹಾಗೂ ನಗರಗಳಲ್ಲಿ ಇ-ಆಸ್ತಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಸಿಟಿ ಸರ್ವೆ ಆದ ಜಾಗಗಳಿಗೆ ಸಿಟಿಎಸ್ ಉತಾರವೂ ಇರುತ್ತದೆ, ಅದರಲ್ಲೂ ಹೆಸರು ಬದಲಾಗಬೇಕು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದನ್ನು ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ಬಾಕಿಯಿಲ್ಲದ ರಶೀದಿ, ಆಧಾರ್, ಎಲ್ಲರ ಒಪ್ಪಿಗೆಯ ಅಫಿಡವಿಟ್ ಇಟ್ಟು ಅರ್ಜಿ ಹಾಕಬೇಕು. ಖಾತೆ ಎಲ್ಲರ ಹೆಸರಿಗೂ ಜಂಟಿಯಾಗಿ ಆಗಲಿ. 'ಓಡಾಡುವವನು ನಾನೇ, ಸುಲಭಕ್ಕೆ ನನ್ನೊಬ್ಬನ ಹೆಸರಿಗೆ ಮಾಡಿಸೋಣ' ಎಂದು ಹಿರಿಯಣ್ಣ ಹೇಳಿದರೆ, ಓಡಾಟಕ್ಕೆ ಅಧಿಕಾರಪತ್ರ ಕೊಡಿ, ಖಾತೆ ಬೇಡ.

ಮನೆ ನಿಂತ ನೆಲ ಎಂಥದು ಎಂದು ನೋಡದೆ ಮುಂದೆ ಹೋಗಬೇಡಿ. ಗ್ರಾಮಠಾಣಾ, ಅಂದರೆ ಹಳ್ಳಿಯ ವಸತಿಗೆಂದು ಗುರುತಿಸಿದ ಜಾಗವಾದರೆ ತೊಂದರೆ ಕಡಿಮೆ. ಭೂಪರಿವರ್ತನೆಯಾಗದ ಹೊಲದಲ್ಲಿ ಕಟ್ಟಿದ ಮನೆಯಾದರೆ ಖಾತೆಯಲ್ಲೇ ಸಿಕ್ಕಿಬೀಳುತ್ತದೆ. ಆಶ್ರಯ ಮನೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡು ಆಮೇಲೆ 94ಸಿ ಕಲಮಿನಡಿ ಸಕ್ರಮವಾದ ಮನೆಗಳ ಹಕ್ಕುಪತ್ರದಲ್ಲಿ 'ಇಷ್ಟು ವರ್ಷ ಪರಭಾರೆ ಮಾಡತಕ್ಕದ್ದಲ್ಲ' ಎಂಬ ಸಾಲು ಇದೆಯೇ ಓದಿ. ಪರಭಾರೆ ಎಂದರೆ ಬೇರೆಯವರಿಗೆ ದಾಟಿಸುವುದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಕರಾವಳಿಯಲ್ಲಿ ಅಳಿಯಕಟ್ಟಿನ, ಅಂದರೆ ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಳಿಯುವ, ಕುಟುಂಬದ ಮನೆಯಾದರೆ ಹಳೆಯ ಪಾಲುಪಟ್ಟಿಗಳನ್ನು ಅಲ್ಲಿನ ವಕೀಲರಿಗೆ ತೋರಿಸದೆ ಪಾಲಿನ ಲೆಕ್ಕ ಹಾಕಬೇಡಿ.

4. ಮನೆಯನ್ನು ಕಣ್ಣಾರೆ ನೋಡುವುದು

ನೋಡಲು ಹೋಗುವುದು ಮಳೆಗಾಲದಲ್ಲಿ. ಏಪ್ರಿಲ್‌ನಲ್ಲಿ ಎಲ್ಲ ಮಾಡೂ ಚೆನ್ನಾಗಿಯೇ ಕಾಣುತ್ತದೆ. ಒಂದು ಟಾರ್ಚು, ಒಂದು ಉದ್ದ ಸ್ಕ್ರೂಡ್ರೈವರ್, ಸೀಮೆಸುಣ್ಣ, ಅಳತೆ ಟೇಪು ಜೊತೆಗಿರಲಿ.

ಹೆಂಚಿನ ಮನೆಯಾದರೆ ಅಟ್ಟ ಹತ್ತಿ. ಒಡೆದ ಹೆಂಚು ದೊಡ್ಡ ವಿಷಯವಲ್ಲ, ಬದಲಾಯಿಸಬಹುದು. ನೋಡಬೇಕಾದ್ದು ಪಕಾಸು, ಅಂದರೆ ಹೆಂಚು ಹೊರುವ ಓರೆ ಮರ, ಗೋಡೆಯ ಮೇಲೆ ಕೂರುವ ಜಾಗ. ಹೆಂಚು ಜಾರಿದ ಕಡೆ ನೀರು ಪಕಾಸಿನ ಗುಂಟ ಇಳಿದು ಅಲ್ಲೇ ನಿಲ್ಲುತ್ತದೆ. ನಡುವೆ ಮರ ಗಟ್ಟಿಯಾಗಿ, ಬಣ್ಣವೂ ಚೆನ್ನಾಗಿದ್ದು, ತುದಿ ಮಾತ್ರ ಒಳಗೊಳಗೇ ಪುಡಿಯಾಗಿರುತ್ತದೆ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ. ಟಕ್ಕೆಂದು ನಿಂತರೆ ಗಟ್ಟಿ, ಅರ್ಧ ಇಂಚು ಒಳಹೋದರೆ ತುದಿ ಹೋಗಿದೆ ಎಂದರ್ಥ. ಅಂಥದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ನಾಲ್ಕೈದಾದರೆ ಬಡಗಿ ಪಕ್ಕದಲ್ಲಿ ಜೋಡುಮರ ಕೊಟ್ಟು ಸರಿಮಾಡುತ್ತಾನೆ, ಅರ್ಧಕ್ಕಿಂತ ಹೆಚ್ಚಾದರೆ ಮಾಡು ಇಳಿಸಿಯೇ ಕಟ್ಟಬೇಕು.

ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಎರಡಿಂಚು ಕೆರೆದು ಬಿಡಿ. ಎರಡು ಮೂರು ದಿನದಲ್ಲಿ ಮತ್ತೆ ಮುಚ್ಚಿಕೊಂಡಿದ್ದರೆ ಗೆದ್ದಲು ಜೀವಂತವಿದೆ. ಗೋಡೆ ಬುಡದಲ್ಲಿ ಸುಮಾರು ಒಂದಡಿಗೊಂದು ರಂಧ್ರ ಕೊರೆದು ಔಷಧ ತುಂಬುವ ಕೆಲಸವನ್ನು ಗೊತ್ತಿದ್ದವರಿಂದಲೇ ಮಾಡಿಸಬೇಕು. ಮೇಲೆ ಸೀಮೆಎಣ್ಣೆ ಸುರಿದರೆ ಗೆದ್ದಲು ಪಕ್ಕದ ಕೋಣೆಗೆ ಹೋಗುತ್ತದೆ, ಅಷ್ಟೇ.

ಮಣ್ಣಿನ ಗೋಡೆಯ ಬುಡ ಉದುರುತ್ತಿದೆಯೆಂದು ಸಿಮೆಂಟ್ ಪ್ಲಾಸ್ಟರ್ ಬಳಿಸುವುದು ಬಹಳ ಜನ ಮಾಡುವ ತಪ್ಪು. ಒಳಗಿನ ತೇವ ಹೊರಬರಲಾಗದೆ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬೀಳುತ್ತದೆ, ಜೊತೆಗೆ ಗೋಡೆಯ ಮಣ್ಣನ್ನೂ ಎಳೆದುಕೊಂಡು. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಮೊದಲು ಸೂರಿನ ನೀರು ಗೋಡೆಯಿಂದ ದೂರ ಬೀಳುವ ಹಾಗೆ ಮಾಡಿ.

ಆರ್‌ಸಿಸಿ ಮನೆಯಲ್ಲಿ ಚಾವಣಿಯ ಕೆಳಗೆ ನೇರ ಗೆರೆಯಂಥ ಬಿರುಕು, ಅದರ ಗುಂಟ ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬರುವ ಜಾಗ ಎಷ್ಟಿದೆ ಎಂದು ನೋಡಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಗೋಡೆಯ ಬಿರುಕು ಬೆಳೆಯುತ್ತಿದೆಯೇ ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಮೂರು ತಿಂಗಳ ನಂತರ ನೋಡಿ.

ವೈರಿಂಗ್ ಮೂವತ್ತು ವರ್ಷ ಹಳೆಯದಾಗಿ, ಅರ್ತಿಂಗ್ ಇಲ್ಲದಿದ್ದರೆ ಬಾಡಿಗೆಗೆ ಕೊಡುವ ಮೊದಲು ಬದಲಾಯಿಸಲೇಬೇಕು.

ರಿಪೇರಿ ಪಟ್ಟಿಯನ್ನು ಎರಡು ಮಾಡಿ: ಈ ಮಳೆಗಾಲದೊಳಗೆ ಆಗದಿದ್ದರೆ ಹಾನಿ ಹೆಚ್ಚುವಂಥದ್ದು, ಕಾಯಬಹುದಾದದ್ದು. ಮೊದಲ ಪಟ್ಟಿಯ ಖರ್ಚು ಮನೆ ಮಾರುವುದಿದ್ದರೂ ಮಾಡಬೇಕು. ಎರಡನೆಯದು ಉಳಿಸಿಕೊಳ್ಳುವುದಿದ್ದರೆ ಮಾತ್ರ. ಮಾರಲು ಹೊರಟವರು ಹೊಸ ಟೈಲ್ಸ್, ಹೊಸ ಅಡುಗೆಕಟ್ಟೆ ಹಾಕಿಸುವುದು ದಂಡ. ಹಳೆ ಮನೆ ಕೊಳ್ಳುವವರು ನೆಲಕ್ಕಷ್ಟೇ ಬೆಲೆ ಕಟ್ಟುತ್ತಾರೆ.

5. ಲೆಕ್ಕ

ಒಂದು ಹಾಳೆಯಲ್ಲಿ ವರ್ಷದ ಖರ್ಚು ಬರೆಯಿರಿ: ಕಂದಾಯ (ನಗರಗಳಲ್ಲಿ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ), ಕರೆಂಟ್ ಮತ್ತು ನೀರಿನ ಕನಿಷ್ಠ ಶುಲ್ಕ, ಕಾಯುವವರಿಗೆ ಕೊಡುವುದು, ಹೆಂಚು ಕೈಯಾಡಿಸುವ ಕೂಲಿ, ಹಿತ್ತಲು ಸವರುವ ಕೂಲಿ, ನೀವು ಊರಿಗೆ ಹೋಗಿಬರುವ ಖರ್ಚು. ದೊಡ್ಡ ರಿಪೇರಿಯ ಮೊತ್ತವನ್ನು ಹತ್ತರಿಂದ ಭಾಗಿಸಿ ಅದನ್ನೂ ಸೇರಿಸಿ. ಎದುರಿಗೆ, ಬಾಡಿಗೆ ಬಂದರೆ ಹನ್ನೆರಡಲ್ಲ, ಹತ್ತು ತಿಂಗಳ ಬಾಡಿಗೆ ಬರೆಯಿರಿ. ಮನೆ ಖಾಲಿ ಇರುವ ದಿನಗಳೂ ಇರುತ್ತವೆ.

ಬೆಲೆ ತಿಳಿಯಲು ಮೂರು ಮೂಲ ನೋಡಿ. ಕಾವೇರಿಯಲ್ಲಿರುವ ಮಾರ್ಗಸೂಚಿ ದರ, ಅಂದರೆ ಅದಕ್ಕಿಂತ ಕಡಿಮೆಗೆ ನೋಂದಣಿ ಶುಲ್ಕ ಲೆಕ್ಕಹಾಕದ ಸರ್ಕಾರಿ ಬೆಲೆ. ಅದೇ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ನಡೆದ ಮಾರಾಟ. ನೋಂದಾಯಿತ ಮೌಲ್ಯಮಾಪಕರ ವರದಿ. ಬ್ರೋಕರ್ ಹೇಳುವುದು ನಾಲ್ಕನೆಯದು, ಅದನ್ನು ಸೇರಿಸದಿದ್ದರೂ ಆದೀತು.

ವಾರಸಾಗಿ ಬಂದದ್ದಕ್ಕೆ ತೆರಿಗೆಯಿಲ್ಲ, ಸತ್ತವರ ಆಸ್ತಿಯ ಮೇಲಿದ್ದ ಶುಲ್ಕ 1985ರಲ್ಲೇ ಹೋಯಿತು. ಮಾರಿದಾಗ ಮಾತ್ರ ಬಂಡವಾಳ ಲಾಭದ ಮೇಲೆ ತೆರಿಗೆ. ತಂದೆ ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ, ಅವರು ಕೊಟ್ಟ ಬೆಲೆಯೇ ನಿಮ್ಮ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ, ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆದರೆ ಅಂದಿನ ಮಾರ್ಗಸೂಚಿ ದರ ಸಿಗುವ ಕಡೆ ಅದನ್ನು ಮೀರುವಂತಿಲ್ಲ. 2024ರ ಜುಲೈ 23ಕ್ಕೆ ಮೊದಲು ಪಡೆದ ಆಸ್ತಿಗೆ, ಭಾರತದಲ್ಲಿ ವಾಸವಿರುವವರು ಎರಡರಲ್ಲಿ ಕಡಿಮೆಯಾದದ್ದನ್ನು ಕಟ್ಟಬಹುದು: ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ. 12.5, ಹೊಂದಾಣಿಕೆ ಮಾಡಿ ಶೇ. 20. ತಂದೆ ತೀರಿಕೊಂಡದ್ದು ಆ ದಿನಾಂಕದ ನಂತರವಾದರೆ ಈ ಆಯ್ಕೆಯ ವಿಚಾರ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ.

1988ರಲ್ಲಿ ಕೊಂಡ ಮನೆ 2025–26ರಲ್ಲಿ 80 ಲಕ್ಷಕ್ಕೆ ಹೋಯಿತು ಎನ್ನಿ. 2001ರ ಬೆಲೆ 5 ಲಕ್ಷ ಎಂದು ಅಂದಾಜಾದರೆ, ಮೊದಲ ವಿಧಾನದಲ್ಲಿ 75 ಲಕ್ಷಕ್ಕೆ ಶೇ. 12.5, ಅಂದರೆ 9,37,500 ರೂಪಾಯಿ. ಎರಡನೆಯದರಲ್ಲಿ 5 ಲಕ್ಷವನ್ನು ಮಾರಿದ ವರ್ಷದ ಹಣದುಬ್ಬರ ಸೂಚ್ಯಂಕ 376ರಿಂದ ಗುಣಿಸಿ 2001ರ ಸೂಚ್ಯಂಕ 100ರಿಂದ ಭಾಗಿಸಿದರೆ 18.8 ಲಕ್ಷ, ಉಳಿದ 61.2 ಲಕ್ಷಕ್ಕೆ ಶೇ. 20, ಅಂದರೆ 12.24 ಲಕ್ಷ. ಮೊದಲನೆಯದೇ ಲಾಭ. ಅದೇ 2001ರ ಬೆಲೆ 15 ಲಕ್ಷವೆಂದು ದಾಖಲೆ ಸಹಿತ ಸಾಬೀತಾದರೆ, ಮೊದಲನೆಯದು 8,12,500, ಎರಡನೆಯದು 4.72 ಲಕ್ಷ. ಮೌಲ್ಯಮಾಪಕರಿಗೆ ಕೊಡುವ ಶುಲ್ಕ ಯಾಕೆ ವ್ಯರ್ಥವಲ್ಲ ಎಂಬುದು ಇದರಲ್ಲೇ ಇದೆ. ಸೆಸ್ ಬೇರೆ. ತೆರಿಗೆಯನ್ನು ಪ್ರತಿ ವಾರಸುದಾರ ತನ್ನ ಪಾಲಿಗೆ ತಾನೇ ಕಟ್ಟಬೇಕು. ಬಂದ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಮೂರು ವರ್ಷದೊಳಗೆ ಕಟ್ಟಿಸಿದರೆ, ಅಥವಾ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಿದರೆ ವಿನಾಯಿತಿ ಇದೆ.

6. ದಾರಿ ಆರಿಸುವುದು

ಅಮ್ಮ ಆ ಮನೆಯಲ್ಲೇ ಇದ್ದಾರೆಯೇ? ಹಾಗಿದ್ದರೆ ಉಳಿದ ಚರ್ಚೆ ನಿಲ್ಲಿಸಿ. ಅವರ ಪಾಲು ಅವರ ಹೆಸರಲ್ಲೇ ಇರಲಿ. ಮಕ್ಕಳಿಗೆ ದಾನಪತ್ರ ಮಾಡಿಕೊಡಲೇಬೇಕೆಂದು ಅವರು ಹೇಳಿದರೂ, ಜೀವ ಇರುವವರೆಗೆ ವಾಸದ ಹಕ್ಕು ಮತ್ತು ನೋಡಿಕೊಳ್ಳುವ ಷರತ್ತು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ದಾನವನ್ನು ರದ್ದುಮಾಡಿಸಬಹುದು. ಬಾಯಿಮಾತಿನ ಷರತ್ತಿಗೆ ಆ ಬಲವಿಲ್ಲ.

ಒಬ್ಬರಿಗೆ ಮನೆ ಬೇಕು, ಉಳಿದವರಿಗೆ ಬೇಡ ಎಂದಾದರೆ ಹಕ್ಕು ಬಿಡುಗಡೆ ಪತ್ರ. ಮನೆ ಎಲ್ಲರಿಗೂ ಭಾಗವಾಗುವಷ್ಟು ದೊಡ್ಡದಿದ್ದರೆ ವಿಭಾಗ ಪತ್ರ, ಅದೇ ಪಾಲುಪಟ್ಟಿ. ಹತ್ತಿರದ ಕುಟುಂಬದೊಳಗೆ ಇವುಗಳ ಮುದ್ರಾಂಕ ಶುಲ್ಕ ಶೇಕಡಾವಾರು ಅಲ್ಲ, ನಿಗದಿತ ಮೊತ್ತ, ಸಾವಿರಗಳಲ್ಲಿ ಮುಗಿಯುತ್ತದೆ. ಅದೇ ಮಾರಾಟವಾದರೆ ನಗರದಲ್ಲಿ ಶೇ. 5 ಮುದ್ರಾಂಕ, ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ಶೇ. 5.6, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಯಾರು 'ಕುಟುಂಬ' ಎಂಬುದು ಪತ್ರದ ಬಗೆಯ ಮೇಲೆ ಬದಲಾಗುತ್ತದೆ. ಚಿಕ್ಕಪ್ಪನ ಮಗ ಸೇರಿದ್ದರೆ ಪತ್ರ ಬರೆಸುವ ಮುನ್ನ ಕಚೇರಿಯಲ್ಲಿ ಕೇಳಿ. ಮನೆಯಲ್ಲೇ ಛಾಪಾಕಾಗದದ ಮೇಲೆ ಬರೆದು ಹಿರಿಯರ ಸಹಿ ಹಾಕಿಸಿದ ಪಾಲುಪಟ್ಟಿಯಿಂದ ಮನೆ ಭಾಗವಾಗುವುದಿಲ್ಲ, ನೋಂದಣಿ ಕಡ್ಡಾಯ. ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಹಣ ಪಡೆದು ಪಾಲು ಬಿಡುವುದಾದರೆ ಮೊತ್ತ, ಚೆಕ್ ಸಂಖ್ಯೆ ಪತ್ರದಲ್ಲಿರಲಿ. ಹಣ ಪಡೆದವರಿಗೆ ಬಂಡವಾಳ ಲಾಭದ ಪ್ರಶ್ನೆಯೂ ಏಳುತ್ತದೆ.

ಇಬ್ಬರಿಗೂ ಬೇಕು ಎಂದಾದರೆ ಮಕ್ಕಳು ಹೋಳಿಗೆ ಹಂಚಿಕೊಳ್ಳುವ ಉಪಾಯವೇ ಸಾಕು. ಒಬ್ಬರು ಬೆಲೆ ಹೇಳಲಿ, ಆ ಬೆಲೆಗೆ ಕೊಳ್ಳುವುದೋ ಕೊಡುವುದೋ ಎಂದು ಇನ್ನೊಬ್ಬರು ಆರಿಸಲಿ. ಕೈಯಲ್ಲಿ ದುಡ್ಡಿಲ್ಲದವರಿಗೆ ಇದರಲ್ಲಿ ಅನ್ಯಾಯವಾದೀತು. ಅವರಿಗೆ ಸಾಲ ಮಾಡಿಕೊಳ್ಳಲು ಆರು ತಿಂಗಳ ಕಾಲಾವಕಾಶ ಮೊದಲೇ ಒಪ್ಪಿಕೊಳ್ಳಿ.

ಎಲ್ಲರೂ ಸೇರಿ ಉಳಿಸಿಕೊಳ್ಳುವುದಾದರೆ ಬರಹದಲ್ಲಿ ಒಂದು ಕರಾರು ಬೇಕು. ವರ್ಷಕ್ಕೆ ತಲಾ ಎಷ್ಟು ಹಾಕಬೇಕು, ಹಬ್ಬಕ್ಕೆ ಯಾರು ಯಾವಾಗ ಬರಬಹುದು, ಅಲ್ಲಿ ಒಬ್ಬರು ಖಾಯಂ ವಾಸಿಸಿದರೆ ಉಳಿದವರಿಗೆ ಬಾಡಿಗೆ ಕೊಡಬೇಕೇ, ಒಬ್ಬರು ಹೊರಹೋಗಬೇಕೆಂದರೆ ಬೆಲೆ ಹೇಗೆ. ಜೊತೆಗೆ ಒಂದು ಜಂಟಿ ಬ್ಯಾಂಕ್ ಖಾತೆ.

ಬಾಡಿಗೆಗೆ ಕೊಡುವುದಾದರೆ ಎಲ್ಲರ ಸಹಿ ಅಥವಾ ಒಬ್ಬರಿಗೆ ಅಧಿಕಾರಪತ್ರ. ಲೀಸ್‌ಗೆ, ಅಂದರೆ ಭೋಗ್ಯಕ್ಕೆ, ಕೊಟ್ಟು ಬಂದ ಹತ್ತು ಲಕ್ಷ ಹಂಚಿಕೊಂಡು ಖರ್ಚು ಮಾಡಿದವರು ಮೂರು ವರ್ಷದ ನಂತರ ಅದನ್ನು ಹಿಂತಿರುಗಿಸಲು ಪರದಾಡುತ್ತಾರೆ. ಅದು ಆದಾಯವಲ್ಲ, ಸಾಲ.

7. ಮಾರುವುದಾದರೆ

ಹೊರಗಿನವರಿಗೆ ಹೇಳುವ ಮೊದಲು ಸಹವಾರಸುದಾರರಿಗೆ ಬರಹದಲ್ಲಿ ತಿಳಿಸಿ. ಒಬ್ಬ ವಾರಸುದಾರ ತನ್ನ ಪಾಲು ಮಾರುವಾಗ ಉಳಿದವರಿಗೆ ಮೊದಲ ಅವಕಾಶದ ಹಕ್ಕು ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲಿದೆ. ಮುಂಗಡ ಪಡೆಯುವ ಕರಾರಿನಲ್ಲಿ ಎಲ್ಲ ವಾರಸುದಾರರ ಸಹಿ ಇರಲಿ, ಹಣ ಪ್ರತಿಯೊಬ್ಬರ ಖಾತೆಗೆ ಅವರವರ ಪಾಲಿನಂತೆ ಬರಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. 'ಅರ್ಧ ಬ್ಲ್ಯಾಕ್' ಎನ್ನುವವರಿಗೆ ಇದನ್ನು ನೆನಪಿಸಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿದು ಕಟ್ಟಬೇಕು.

ವಾರಸುದಾರರಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಕೆಲಸ ಮೂರು ತಿಂಗಳು ಮೊದಲೇ ಶುರುವಾಗಬೇಕು. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಿದ ಮೇಲೆ, ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಅವರ ಪಾಲಿಗೆ ಶೇ. 1 ಅಲ್ಲ, ಬಹಳ ಹೆಚ್ಚಿನ ಟಿಡಿಎಸ್. ಕಡಿಮೆ ದರದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ನೋಂದಣಿಗೆ ಮೊದಲೇ ತರಿಸಿಕೊಳ್ಳಬೇಕು. 20 ಮತ್ತು 12.5ರ ಆಯ್ಕೆಯೂ ಅವರಿಗಿಲ್ಲ. ಹಣ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಬರಬೇಕು.

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ, ಮೇಲೆ ಮಾರಿಬಿಡಿ ಎಂಬ ಸಲಹೆ ಇನ್ನೂ ಕೇಳಿಬರುತ್ತದೆ. ಜಿಪಿಎ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

8. ಒಮ್ಮತ ಬಾರದಿದ್ದರೆ

ಒಬ್ಬರು ಸಹಿ ಹಾಕುವುದಿಲ್ಲ ಎಂದರೆ ಅವರನ್ನು ಬಿಟ್ಟು ಇಡೀ ಮನೆ ಮಾರಲಾಗದು. ತನ್ನ ಪಾಲನ್ನು ಮಾತ್ರ ಹೊರಗಿನವರಿಗೆ ಮಾರುವವರೂ ಇದ್ದಾರೆ. ಕೊಂಡವರಿಗೆ ಕುಟುಂಬದ ವಾಸದ ಮನೆಯೊಳಗೆ ಬಂದು ಕೂರುವ ಹಕ್ಕಿಲ್ಲ, ವಿಭಾಗ ಕೇಳಬಹುದಷ್ಟೇ. ಆಗ ಆ ಪಾಲನ್ನು ಕೊಂಡುಕೊಳ್ಳುವ ಅವಕಾಶವನ್ನು ಕುಟುಂಬದವರು 1893ರ ವಿಭಾಗ ಕಾಯ್ದೆಯಡಿ ಕೇಳಬಹುದು. ಅಂಥ ಪಾಲು ಕಡಿಮೆ ಬೆಲೆಗೇ ಹೋಗುವುದು ಇದರಿಂದಾಗಿ.

ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲ, ಮೇಲ್ಮನವಿ ಇಲ್ಲ. ವಿಭಾಗದ ದಾವೆಯೇ ಆಗಬೇಕಾದರೆ ಅದು ಎರಡು ಮೆಟ್ಟಿಲು ಎಂದು ತಿಳಿದಿರಿ. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆಷ್ಟು ಪಾಲೆಂದು ನಿಗದಿ, ಅಂತಿಮ ಡಿಕ್ರಿಯಲ್ಲಿ ಕೋರ್ಟ್ ಕಮಿಷನರ್ ಬಂದು ಅಳೆದು ಹಂಚುವುದು, ಹಂಚಲಾಗದಿದ್ದರೆ ಮಾರಾಟ. ಮೊದಲನೆಯದು ಸಿಕ್ಕಿತೆಂದು ಎರಡನೆಯದನ್ನು ಮರೆತು ವರ್ಷಗಟ್ಟಲೆ ಕೂತವರಿದ್ದಾರೆ.

ದಾವೆ ನಡೆಯುವಾಗಲೂ ಮಳೆ ಬರುತ್ತದೆ. ಯಥಾಸ್ಥಿತಿ ಆದೇಶ ಇದ್ದರೆ ತುರ್ತು ರಿಪೇರಿಗೆ ಕೋರ್ಟಿನ ಅನುಮತಿಗೆ ಮಧ್ಯಂತರ ಅರ್ಜಿ ಹಾಕಿ, ಕೆಲಸಕ್ಕೆ ಮೊದಲೂ ನಂತರವೂ ದಿನಾಂಕ ಸಹಿತ ಫೋಟೊ ತೆಗೆದು, ಹೆಂಚಿನ ಅಂಗಡಿಯ ಬಿಲ್ಲು, ಬಡಗಿಯ ರಶೀದಿ, ಕಂದಾಯದ ಚೀಟಿ ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಅಂತಿಮ ಡಿಕ್ರಿಯ ಲೆಕ್ಕದಲ್ಲಿ ಉಳಿದವರ ಪಾಲಿನ ಖರ್ಚನ್ನು ಕೇಳಲು ಬೇಕಾಗುವುದು ಆ ಕಡತವೇ.